ನಸೀಮಾ ಮೆತ್ತಿದ ಗೋಡೆ

ಮುದುಕನೊಬ್ಬ ಕೆಮ್ಮಲು ಶುರುಮಾಡಿ, ಅರ್ಧದಲ್ಲಿ ಏನೋ ನೆನಪಾಗಿ ನಗತೊಡಗಿದ ಹಾಗೆ ಆ ಸದ್ದು. ಬೆಳಕು ಹರಿಯುವ ಮೊದಲು ಒಂದು ಸಲ, ಹರಿದ ಮೇಲೆ ಇನ್ನೊಂದು ಸಲ, ಮನೆಯ ಹಿಂದಿನ ಗೋಣಿಮರದಿಂದ ಬರುತ್ತದೆ. ಮೊದಲನೆಯದಕ್ಕೆ ನಸೀಮಾ ಎದ್ದು ಒಲೆ ಹಚ್ಚುತ್ತಾಳೆ. ಎರಡನೆಯದು ಕೇಳುವ ಹೊತ್ತಿಗೆ ಡಬ್ಬಿಗೆ ಚಪಾತಿ ತುಂಬಿ ಆಗಿರಬೇಕು. ಆಗಿರದಿದ್ದರೆ ಅವತ್ತು ಬಸ್ಸು ತಪ್ಪಿತೆಂದೇ ಲೆಕ್ಕ.

ಅವಳ ತಂದೆ ಕಾಗದನಗರದ ಕ್ವಾರ್ಟರ್ಸಿನಲ್ಲಿದ್ದವರು. ಕಾರ್ಖಾನೆಯ ಸೈರನ್ನಿಗೆ ಏಳುತ್ತಿದ್ದರು, ಸೈರನ್ನಿಗೆ ಉಣ್ಣುತ್ತಿದ್ದರು. ಕಾರ್ಖಾನೆ ನಿಂತಿತು, ಸೈರನ್ ನಿಂತಿತು. "ಅಬ್ಬಾಗೆ ಅದು, ನನಗೆ ಇದು" ಎನ್ನುತ್ತಾಳೆ ನಸೀಮಾ. ಸದ್ದು ಮಾಡುವುದು ಬೂದು ಬಣ್ಣದ, ಮೈಗಿಂತ ಕೊಕ್ಕೇ ಭಾರವೆನ್ನಿಸುವ ಒಂದು ಮಂಗಟ್ಟೆ ಹಕ್ಕಿ. ಬೀದಿಯವರು ಅದನ್ನು ಶಿಫ್ಟ್ ಹಕ್ಕಿ ಎಂದು ಕರೆಯುವುದು ನಸೀಮಾಳಿಂದಾಗಿಯೇ.

ಆ ಬೀದಿ ಭದ್ರಾವತಿಯ ಅಂಚಿನಲ್ಲಿದೆ. ಎರಡು ಸಾಲು ಶೀಟಿನ ಮನೆಗಳು, ಒಂದು ಬೋರ್‌ವೆಲ್, ಆಮೇಲೆ ಡಾಂಬರು ಮುಗಿದು ನಗಾರಿ ಗುಡ್ಡ ಶುರುವಾಗುತ್ತದೆ. ನೆತ್ತಿಯ ಮೇಲೆ ನಗಾರಿಯನ್ನು ಕವುಚಿಟ್ಟಂಥ ಬಂಡೆ. ಶಿವಮೊಗ್ಗದಿಂದ ಬಸ್ಸಿನಲ್ಲಿ ಬರುವವರು ಆ ಬಂಡೆ ಕಂಡ ಕೂಡಲೇ ಮೇಲಿನಿಂದ ಚೀಲ ಇಳಿಸಿಕೊಳ್ಳುತ್ತಾರೆ. ಅವರಿಗೆ ಗುಡ್ಡವೆಂದರೆ ಅಷ್ಟೇ, ಊರು ಬಂತು ಎನ್ನುವ ಗುರುತು.

ಹತ್ತಿರದಿಂದ ನೋಡಿದರೆ ಗುಡ್ಡಕ್ಕೆ ಬೇರೆ ಬೇರೆ ಕೋಣೆಗಳಿರುವ ಹಾಗಿದೆ. ಬಡಗಣ ಮುಖದ ಕಡಿದಾದ ಬಂಡೆಗೆ ಹೆಜ್ಜೇನು ಕಟ್ಟುತ್ತದೆ. ಅದರ ಕೆಳಗಿನ ಸೀಳಿನಲ್ಲಿ ಬಾವಲಿಗಳು. ಬೋಳು ಇಳಿಜಾರಿನ ಹುಲ್ಲಿನಲ್ಲಿ ಟಿಟ್ಟಿಭಗಳು ಕಲ್ಲಿನ ಬಣ್ಣದ ಮೊಟ್ಟೆಯಿಟ್ಟು, ಹತ್ತಿರ ಹೋದವರ ತಲೆಯ ಮೇಲೆ ಕಿರುಚಾಡುತ್ತವೆ. ಹುತ್ತಗಳ ಕಡೆ ಕರಡಿ ಕೆದರಿದ ಗುಂಡಿಗಳಿವೆ. ಆ ಕಡೆಗೆ ಯಾರೂ ಒಬ್ಬರೇ ಹೋಗುವುದಿಲ್ಲ. ಮುಳ್ಳುಹಂದಿಯ ಮುಳ್ಳು ದಾರಿಯಲ್ಲೇ ಸಿಗುತ್ತದೆ. ನಡುವೆ ಒಂದು ದೊಣೆಯಿದೆ. ಮಳೆಗಾಲದ ನೀರು ಬಂಡೆಯ ಆ ಗುಳಿಯಲ್ಲಿ ನಿಂತು ಬೇಸಿಗೆಯ ಕೊನೆಯವರೆಗೂ ಪೂರ್ತಿ ಬತ್ತುವುದಿಲ್ಲ. ನವಿಲು, ಹಂದಿ, ಮುಸಿಯ ಕೋತಿ ಎಲ್ಲವೂ ಸರದಿಯಲ್ಲಿ ಅಲ್ಲಿಗೆ ಬರುತ್ತವೆ. ಮನುಷ್ಯರ ಪೈಕಿ ಬರುವುದು ಹಾಲಮ್ಮ ಮತ್ತು ಅವಳ ಆಡುಗಳು.

ಹಾಲಮ್ಮ ಬೀದಿಯ ಕೊನೆಯ ಮನೆಯವಳು. ನಸೀಮಾಳಿಗಿಂತ ಹತ್ತಾರು ವರ್ಷ ದೊಡ್ಡವಳು. ಆಡಿಗೆ ಬೈದ ಮಾತನ್ನೇ ಮನುಷ್ಯರಿಗೂ ಬೈಯುತ್ತಾಳೆ, ಭೇದವಿಲ್ಲ. ಮಂಗಟ್ಟೆಯ ಗೂಡು ತೋರಿಸಿದ್ದು ಅವಳೇ. ದೊಣೆಯಿಂದ ಸ್ವಲ್ಪ ಮೇಲೆ ದೊಡ್ಡ ಬಂಡೆಗೆ ಒರಗಿ ಬೆಳೆದ ಹಳೆಯ ಮತ್ತಿಮರವಿದೆ. ಬಂಡೆ ಹತ್ತಿ ನಿಂತರೆ ಮರದ ಪೊಟರೆ ಎದೆಮಟ್ಟಕ್ಕೆ ಸಿಗುತ್ತದೆ. ಹೆಣ್ಣುಹಕ್ಕಿ ಅದರೊಳಗೆ ಸೇರಿ, ತನ್ನ ಹಿಕ್ಕೆಯನ್ನೂ ಮಣ್ಣನ್ನೂ ಕಲಸಿ, ಒಳಗಿನಿಂದ ಬಾಗಿಲಿಗೆ ಗೋಡೆ ಮೆತ್ತಿಕೊಳ್ಳುತ್ತದೆ. ಕೊಕ್ಕು ತೂರುವಷ್ಟು ಸೀಳು ಮಾತ್ರ ಉಳಿಯುತ್ತದೆ. ಮರಿ ದೊಡ್ಡದಾಗುವವರೆಗೆ ಗಂಡುಹಕ್ಕಿ ಆ ಸೀಳಿನಿಂದಲೇ ಹಣ್ಣು ತಂದು ತಂದು ಕೊಡಬೇಕು. ನಸೀಮಾಳ ಗೋಣಿಮರಕ್ಕೆ ಬೆಳಗ್ಗೆ ಹಣ್ಣಿಗೆ ಬರುವುದು ಆ ಗಂಡು.

ಮೊದಲ ಸಲ ನೋಡಿದಾಗ ನಸೀಮಾ ಆ ಸೀಳಿನ ಕಡೆಗೇ ನೋಡುತ್ತ ನಿಂತಳು. ಹಾಲಮ್ಮನೇ ಅಂದಿದ್ದಳು.

"ಏನೇ, ನಿನ್ನ ಗಂಡ ನೆನಪಾದ್ನಾ?"

ಆಗಿದ್ದ. ಕೊರೊನಾ ವರ್ಷ ನಸೀಮಾಳಿಗೆ ಕಾಯಿಲೆ ಬಂದು, ಹಿಂದಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಲಗಿದ್ದಳು. ಗಂಡ ಮುಸ್ತಕೀಮ್, ಲಗೇಜ್ ಆಟೋ ಓಡಿಸುವವನು, ಕಿಟಕಿಯ ಸರಳಿನ ಸಂದಿಯಿಂದ ಗಂಜಿ, ಬಾಳೆಹಣ್ಣು, ಗುಳಿಗೆ ತೂರಿಸುತ್ತಿದ್ದ. ತಟ್ಟೆ ಸರಳಿನಲ್ಲಿ ತೂರುವುದಿಲ್ಲವೆಂದು ರೊಟ್ಟಿಯನ್ನು ಸುರುಳಿ ಸುತ್ತಿ ಕೊಡುತ್ತಿದ್ದ. ಆ ಕಿಟಕಿಗೆ ಕಾಣುತ್ತಿದ್ದುದು ಗೋಣಿಮರ, ಅದರ ಹಿಂದೆ ಗುಡ್ಡ. ಉಸಿರು ಎಳೆಯಲು ಕಷ್ಟವಾದ ಬೆಳಗುಗಳಲ್ಲಿ ಅವಳು ಆ ಕೆಮ್ಮು-ನಗೆಗೆ ಕಿವಿಗೊಟ್ಟು ಕಾಯುತ್ತಿದ್ದಳು. ಅದು ಕೇಳಿದರೆ ಇನ್ನೊಂದು ದಿನ ಬಂತು.

ಅವಳ ಕೆಲಸ ಮಾಚೇನಹಳ್ಳಿ ಕಡೆಯ ಒಂದು ಫೌಂಡ್ರಿಯಲ್ಲಿ. ಕೋರ್ ಶಾಪಿನಲ್ಲಿ ಹೆಂಗಸರೇ ಹೆಚ್ಚು. ಕಬ್ಬಿಣ ಕರಗಿಸಿ ಅಚ್ಚಿಗೆ ಸುರಿಯುವಾಗ ಪಂಪಿನ ಹೊಟ್ಟೆಯಲ್ಲಿ ನೀರು ಹರಿಯುವ ಜಾಗ ಪೊಳ್ಳಾಗಿ ಉಳಿಯಬೇಕಲ್ಲ, ಆ ಪೊಳ್ಳಿನ ಆಕಾರವನ್ನು ಮೊದಲು ಮರಳಿನಲ್ಲಿ ಮಾಡಿಡುತ್ತಾರೆ. ಅದೇ ಕೋರ್. ನಯವಾದ ಮರಳಿಗೆ ಸಿಲಿಕೇಟ್ ಎನ್ನುವ ಜೇನಿನಂಥ ಅಂಟು ಕಲಸಿ, ಪೆಟ್ಟಿಗೆಗೆ ತುಂಬಿ, ಗ್ಯಾಸ್ ಬಿಟ್ಟರೆ ಕ್ಷಣದಲ್ಲಿ ಕಲ್ಲಾಗುತ್ತದೆ. ಗ್ಯಾಸ್ ಬಿಡದಿದ್ದರೂ ಗಾಳಿಗೇ ನಿಧಾನವಾಗಿ ಗಟ್ಟಿಯಾಗುತ್ತದೆ. ಅದಕ್ಕೇ ಕಲಸಿದ ಮರಳಿನ ಮೇಲೆ ಯಾವಾಗಲೂ ಒದ್ದೆ ಗೋಣಿ ಹೊದಿಸಿರುತ್ತಾರೆ. ಕೋರ್ ಮೇಲೆ ಕುದಿಯುವ ಕಬ್ಬಿಣ ಬಿದ್ದರೂ ಅದು ಜಗ್ಗುವುದಿಲ್ಲ. ಆಮೇಲೆ ಸುತ್ತಿಗೆಯಿಂದ ಬಡಿದು ಉದುರಿಸುತ್ತಾರೆ. ನಸೀಮಾಳ ಕೈಯ ಕೋರ್ ಬಿರುಕು ಬಿಡುವುದಿಲ್ಲವೆಂದು ಹೆಸರಿದೆ. ಆ ಹೆಸರಿನ ಬಗ್ಗೆ ಅವಳಿಗೆ ಒಳಗೊಳಗೇ ಹೆಮ್ಮೆಯೂ ಇದೆ.

ಈ ಬೇಸಿಗೆಯಲ್ಲಿ ಒಂದು ಸಂಜೆ ಆಲಿಕಲ್ಲು ಸಮೇತ ಗಾಳಿಮಳೆ ಬಂತು. ಮರುದಿನ ಬೆಳಗ್ಗೆ ಹಾಲಮ್ಮ ಓಡಿಬಂದಳು.

"ನಸೀಮಾ, ಕೊಂಬೆ ಬಿದ್ದು ಗೂಡಿನ ಗೋಡೆ ಅರ್ಧ ಕಿತ್ತುಹೋಗಿದೆ ಕಣೆ. ಒಳಗಿರೋದು ಹಾಗೇ ಕಾಣ್ತಿದೆ, ಪಾಪ. ಬಂಡೆ ಮೇಲೆ ಉಡ ಓಡಾಡ್ತಿತ್ತು. ಕಲ್ಲು ಹೊಡೆದು ಓಡಿಸಿ ಬಂದೆ."

"ಅದೇ ಮತ್ತೆ ಮೆತ್ತಿಕೊಳ್ಳಲ್ವಾ?"

"ಮೆತ್ತಿಕೊಳ್ಳೋವರೆಗೂ ಉಡ ಕಾಯುತ್ತಾ? ಒಳ್ಳೆ ಕೇಳ್ತೀಯ."

ಅವತ್ತು ಕೆಲಸ ಮುಗಿಸಿ ಹೊರಡುವಾಗ ನಸೀಮಾ ಊಟದ ಡಬ್ಬಿಗೆ ಉಳಿದ ಮರಳು ತುಂಬಿದಳು, ಮೇಲೆ ಒದ್ದೆ ಬಟ್ಟೆ ಮುಚ್ಚಿದಳು. ಬಿಸಿಲು ಇಳಿಯುವ ಮೊದಲು ಇಬ್ಬರೂ ಗುಡ್ಡ ಹತ್ತಿದರು. ಗೂಡಿನೊಳಗಿನಿಂದ ಹಳದಿ ಕೊಕ್ಕು ಹೊರಗೆ ಬಂದು ಅವಳ ಬೆರಳನ್ನು ಕುಟುಕಿತು. ನಸೀಮಾ ಕೈ ಹಿಂದೆಗೆಯಲಿಲ್ಲ. ಹೆಬ್ಬೆರಳಿನಿಂದ ಮರಳು ಒತ್ತಿ ಒತ್ತಿ, ಅಂಚು ತಿದ್ದಿ, ಹಕ್ಕಿ ಬಿಟ್ಟಿದ್ದ ಸೀಳನ್ನು ಹಾಗೆಯೇ ಉಳಿಸಿ, ಚಮಚದ ಬೆನ್ನಿನಿಂದ ನಯ ಮಾಡಿದಳು. ಗಂಡುಹಕ್ಕಿ ಬಾಯಿ ತುಂಬ ಹಣ್ಣಿಟ್ಟುಕೊಂಡು ದೂರದ ಕೊಂಬೆಯಲ್ಲಿ ಕುಳಿತೇ ಇತ್ತು. ಇವರಿಬ್ಬರೂ ಪೊದೆಯ ಮರೆಗೆ ಸರಿದ ಮೇಲೆ ಬಂತು. ಹೊಸ ಗೋಡೆಯನ್ನು ತಲೆ ಓರೆ ಮಾಡಿ ನೋಡಿ, ಸೀಳಿಗೆ ಹಣ್ಣು ಕೊಟ್ಟಿತು.

"ಪಾಸಾಯ್ತು ಬಿಡು ನಿನ್ನ ಕೆಲಸ" ಎಂದಳು ಹಾಲಮ್ಮ.

ಮನೆಯಲ್ಲಿ ಗಂಡಹೆಂಡತಿ ಆಡುವುದು ದಖನಿ ಉರ್ದು. ತಮಾಷೆಗೂ ಜಗಳಕ್ಕೂ ಮಾತ್ರ ಕನ್ನಡ ಬರುತ್ತದೆ. ಕೆಲವು ವಾರದ ಮೇಲೆ ಊಟಕ್ಕೆ ಕುಳಿತಾಗ ನಸೀಮಾ ಗೂಡಿಗೆ ಮೆತ್ತಿದ ತನ್ನ ಕೆಲಸವನ್ನು ಮತ್ತೆ ಹೊಗಳಿಕೊಂಡಳು. ಮುಸ್ತಕೀಮ್ ಎಲುಬು ಚೀಪುತ್ತ ಕನ್ನಡಕ್ಕೆ ಇಳಿದ.

"ಭಾರಿ ಇಂಜಿನಿಯರ್ ಕಣಮ್ಮ ನೀನು. ಕಬ್ಬಿಣ ಸುರಿದ್ರೂ ಜಗ್ಗಲ್ಲ ಅಂತೀಯಲ್ಲ, ಅದೇ ಮರಳು ತಾನೇ?"

"ಅದೇ ಮತ್ತೆ."

"ಹಂಗಾದ್ರೆ ಅದು ಹೊರಗೆ ಬರೋದು ಹೆಂಗೆ?"

"ಯಾವುದು?"

"ಹಕ್ಕಿ, ಮಾರಾಯ್ತಿ. ಮರಿ ದೊಡ್ಡದಾದ ಮೇಲೆ ಒಡಕೊಂಡು ಬರಬೇಕಲ್ಲ. ನಿಮ್ಮ ಸೂಪರ್‌ವೈಸರ್ ಯೋಗರಾಜ್ ಸುತ್ತಿಗೆ ತಗೊಂಡು ಹೋಗ್ತಾನಾ?"

ನಸೀಮಾಳ ಕೈಯ ತುತ್ತು ಕೈಯಲ್ಲೇ ಉಳಿಯಿತು. ಉಡ ಒಳಗೆ ಹೋಗಬಾರದು ಎಂದಷ್ಟೇ ಅವಳು ಯೋಚಿಸಿದ್ದಳು. ಇಷ್ಟು ವರ್ಷ ಅವಳು ಮಾಡಿದ ಯಾವ ಕೋರ್ ಕೂಡ ತಾನಾಗಿ ಹೊರಗೆ ಬಂದದ್ದಿಲ್ಲ, ಬರಬೇಕಾಗಿಯೂ ಇರಲಿಲ್ಲ. ಹಕ್ಕಿ ಕಟ್ಟುವ ಗೋಡೆ ಹಕ್ಕಿಯೇ ಒಡೆಯಬಲ್ಲ ಗೋಡೆ. ಅವಳು ಕಟ್ಟಿದ್ದು ಹಾಗಲ್ಲ.

ಹೆಂಡತಿಯ ಮುಖ ನೋಡಿ ಮುಸ್ತಕೀಮ್ ನಗು ನಿಲ್ಲಿಸಿದ. "ಏ, ಸುಮ್ನೆ ಅಂದೆ. ಫಾರೆಸ್ಟಿನವರಿಗೆ ಹೇಳೋಣ ಬೇಕಾದ್ರೆ."

"ಹೇಳಿದ್ರೆ ಗೂಡು ಮುಟ್ಟಿದ್ದು ಯಾರು ಅಂತ ಮೊದಲು ಕೇಳ್ತಾರೆ."

ಭಾನುವಾರ ಹಾಲಮ್ಮನ ಜೊತೆ ಹತ್ತಿದಳು. ಬಂಡೆ ತಲುಪುವ ಮೊದಲೇ ಸದ್ದು ಕೇಳಿತು. ಟಕ್, ಟಕ್, ಟಕ್. ನಡುವೆ ಸ್ವಲ್ಪ ಸುಮ್ಮನಿದ್ದು, ಮತ್ತೆ. ಮರದ ಬುಡದಲ್ಲಿ ಹಕ್ಕಿಯದೇ ಗೋಡೆಯ ಕಂದು ಚಕ್ಕೆಗಳು ಬಿದ್ದಿದ್ದವು. ಅದರ ಪಾಲಿನ ಗೋಡೆ ಆಗಲೇ ತೆಳುವಾಗಿತ್ತು. ಆದರೆ ಆ ಪಾಲು ಚಿಕ್ಕದು, ಹಕ್ಕಿಯ ಮೈ ತೂರುವಷ್ಟಿರಲಿಲ್ಲ. ಉಳಿದದ್ದೆಲ್ಲ ನಸೀಮಾಳದು. ಬೆಳ್ಳಗೆ, ನಯವಾಗಿ, ಒಂದು ಗೀರೂ ಇಲ್ಲದೆ ಕುಳಿತಿತ್ತು. ಒಳಗಿನಿಂದ ಮರಿಯ ಕೀಚಲು ದನಿಯೂ ಬಂತು.

ಹಾಲಮ್ಮ ಒಂದು ಕಲ್ಲು ಹೆಕ್ಕಿಕೊಂಡಳು. "ಎರಡೇ ಏಟು."

"ಬೇಡ ಅಕ್ಕಾ! ಏಟಿಗೆ ಗೋಡೆ ಒಡೆಯಲ್ಲ, ಅಕ್ಕಪಕ್ಕದ ಮರ ಸಿಬಿರು ಬರುತ್ತೆ. ಅದರ ಕೊಕ್ಕು ಅಲ್ಲೇ ಇದೆ."

"ಮತ್ತೆ ನೋಡ್ತಾ ಕೂತ್ಕೊಳ್ಳೋದಾ?"

ನಸೀಮಾ ಚಮಚದ ತುದಿಯಿಂದ ಕೆರೆದು ನೋಡಿದಳು. ಬಾಗಿದ್ದು ಚಮಚ. ತನ್ನ ಕೈಯ ಕೆಲಸ ಇಷ್ಟು ಗಟ್ಟಿಯಾಗಿರುವುದನ್ನು ಕಂಡು ಅವಳಿಗೆ ಅಳು ಬಂದದ್ದು ಅದೇ ಮೊದಲು. ಗಂಡುಹಕ್ಕಿ ಬಂತು, ಇವರನ್ನು ಕಂಡು ಹಿಂದಕ್ಕೆ ಹಾರಿತು. ತಾವಿರುವಷ್ಟು ಹೊತ್ತು ಒಳಗಿನವು ಹಸಿದೇ ಇರುತ್ತವೆ ಎಂದು ಇಬ್ಬರೂ ಇಳಿದರು. ಹಿಂದಿನಿಂದ ಟಕ್ ಟಕ್ ಸದ್ದು ದೊಣೆಯವರೆಗೂ ಬರುತ್ತಿತ್ತು.

ಸೋಮವಾರ ಮಧ್ಯಾಹ್ನ ಕೋರ್ ಶಾಪಿನಲ್ಲಿ ಸೂಪರ್‌ವೈಸರ್ ಯೋಗರಾಜ್‌ನ ದನಿ ಜೋರಾಯಿತು. ಶನಿವಾರ ಮಾಚೇನಹಳ್ಳಿ ಕಡೆಗಷ್ಟೇ ಬಂದ ಮಳೆಗೆ ಕಿಟಕಿಯ ಇರಚಲು ಹೊಡೆದು, ಅಲ್ಲಿಟ್ಟಿದ್ದ ಕೋರ್‌ಗಳು ಒದ್ದೆಯಾಗಿದ್ದವು. ಅವನು ಒಂದನ್ನು ಎತ್ತಿಕೊಂಡ. ಕೈಯಲ್ಲೇ ಅರ್ಧ ಕುಸಿದು ಅವನ ಬೂಟಿನ ಮೇಲೆ ಬಿತ್ತು.

"ಯಾರ್ರೀ ಇದನ್ನ ಕಿಟಕಿ ಹತ್ರ ಇಟ್ಟಿದ್ದು? ನೀರು ಕುಡಿದು ರವೆ ಉಂಡೆ ಆಗಿದೆ! ಕೋರ್‌ಗೆ ನೀರು ಆಗಲ್ಲ ಅಂತ ಎಷ್ಟು ಸಲ ಬಡ್ಕೊಳ್ಳಲಿ? ನಸೀಮಕ್ಕಾ, ನೀವೇ ಸೀನಿಯರ್ ಇದ್ದೀರ, ನೀವೂ ನೋಡಲ್ವಾ?"

ನಸೀಮಾ ಅವನ ಬೂಟನ್ನೇ ನೋಡುತ್ತಿದ್ದಳು. ಆಮೇಲೆ ಬಗ್ಗಿ ಆ ಕುಸಿದ ಮರಳನ್ನು ಬೆರಳುಗಳ ನಡುವೆ ಹಿಸುಕಿದಳು. ಪುಡಿಪುಡಿಯಾಗಿ ಸುರಿಯಿತು. ಅವಳ ಮುಖದಲ್ಲಿ ನಗು ಹರಡಿತು.

"ಬೈದ್ರೆ ನಗ್ತೀರಲ್ಲ!" ಎಂದ ಯೋಗರಾಜ್.

"ಇಲ್ಲ ಸಾರ್. ತುಂಬ ಒಳ್ಳೆದಾಯ್ತು ಬೈದಿದ್ದು."

ಅವನು ಉಳಿದ ಹೆಂಗಸರ ಕಡೆ ನೋಡಿದ. ಅವರಿಗೂ ಏನೂ ಗೊತ್ತಿರಲಿಲ್ಲ.

ಸಂಜೆ ಬಸ್ಸಿಳಿದವಳು ಮನೆಗೆ ಹೋಗದೆ ನೇರವಾಗಿ ಹಾಲಮ್ಮನ ಕೊಟ್ಟಿಗೆಗೆ ಹೋಗಿ ಹಳೆಯ ಗೋಣಿಚೀಲ ಕೇಳಿದಳು. "ಚೀಲ ಯಾಕೆ?" ಎಂದರೆ "ನೀರು ಕುಡಿಸೋಕೆ" ಎಂದಳು. ಹಾಲಮ್ಮ ಅವಳ ಹಣೆ ಮುಟ್ಟಿ ನೋಡಿ, ಜ್ವರವಿಲ್ಲವೆಂದು ಖಾತ್ರಿ ಮಾಡಿಕೊಂಡು, ಹೊರಟಳು.

ದೊಣೆಯಲ್ಲಿ ನೀರು ತಳ ಕಂಡಿತ್ತು. ಅಂಚಿನ ಕೆಸರಿನಲ್ಲಿ ನವಿಲಿನ ಹೆಜ್ಜೆ, ಹಂದಿಯ ಗೊರಸು, ಇನ್ನೂ ಯಾವುದೋ ಮೆತ್ತನೆಯ ಪಾದದ ಗುರುತು. ಅವುಗಳ ಪಾಲಿನಿಂದ ತೆಗೆದುಕೊಳ್ಳುತ್ತಿದ್ದೇವೆ ಎನ್ನುವ ಸಂಕೋಚದಲ್ಲಿ ನಸೀಮಾ ಚೀಲವನ್ನು ಒಂದೇ ಸಲ ಅದ್ದಿ ಎತ್ತಿದಳು. ಬಂಡೆ ಹತ್ತಿ, ಚೀಲವನ್ನು ಮಡಚಿ, ಸೀಳಿಗೆ ಅಡ್ಡವಾಗದಂತೆ ತನ್ನ ಗೋಡೆಯ ಮೇಲಷ್ಟೇ ಒತ್ತಿ, ಸಣ್ಣ ಕಲ್ಲುಗಳನ್ನು ಸಿಕ್ಕಿಸಿ ನಿಲ್ಲಿಸಿದಳು. ನೀರು ಬೆಳ್ಳನೆಯ ಗೋಡೆಯ ಮೇಲೆ ಇಳಿಯಿತು. ಏನೂ ಆಗಲಿಲ್ಲ.

"ಕರಗ್ತಾ?"

"ತಕ್ಷಣ ಆಗಲ್ಲ ಅಕ್ಕಾ. ಕುಡೀಬೇಕು."

"ಗಟ್ಟಿ ಕೆಲಸ ಮಾಡೋಳು ನೀನು. ಈಗ ನೋಡು, ಕೆಟ್ಟ ಕೆಲಸ ಆಗಲಿ ಅಂತ ದೇವರಿಗೆ ಕೈ ಮುಗೀಬೇಕು."

"ಮುಗೀರಿ. ನಾನೂ ದುವಾ ಮಾಡ್ತೀನಿ. ಯಾರದಾದ್ರೂ ಆಗಲಿ."

ಮಂಗಳವಾರ ಬೆಳಗ್ಗೆ ನಸೀಮಾ ಕಣ್ಣುಬಿಟ್ಟಾಗ ಬೆಳಕಾಗಿತ್ತು. ಬೆಳಕಾಗಿದೆ ಎನ್ನುವುದೇ ಅವಳನ್ನು ಹೆದರಿಸಿತು. ಗೋಣಿಮರದಿಂದ ಸದ್ದು ಬಂದಿರಲಿಲ್ಲ. ಕಾದಳು. ಕಾಗೆ ಕೂಗಿತು, ಬೋರ್‌ವೆಲ್ಲಿನ ಹತ್ತಿರ ಕೊಡ ಸದ್ದು ಮಾಡಿತು, ಮಂಗಟ್ಟೆ ಬರಲಿಲ್ಲ. ಗಂಡುಹಕ್ಕಿ ಹಣ್ಣಿಗೆ ಬಂದಿಲ್ಲವೆಂದರೆ ಕೊಡುವುದಕ್ಕೆ ಯಾರೂ ಉಳಿದಿಲ್ಲ ಎಂದಾಗಬಹುದು. ಗೋಡೆ ಮೆತ್ತಗಾದದ್ದು ಹಕ್ಕಿಗಿಂತ ಮೊದಲು ಉಡಕ್ಕೆ ಗೊತ್ತಾಗಿದ್ದರೆ?

"ಚಪಾತಿ ನಾನು ಮಾಡ್ಕೋತೀನಿ, ನೀನು ಹೋಗು" ಎಂದ ಮುಸ್ತಕೀಮ್ ಮಲಗಿದಲ್ಲಿಂದಲೇ. ಅವನಿಗೆ ಚಪಾತಿ ಮಾಡಲು ಬರುವುದಿಲ್ಲ. ಅವಳು ಚಪ್ಪಲಿ ಮೆಟ್ಟಿದಳು.

ಆಡು ಬಿಡುತ್ತಿದ್ದ ಹಾಲಮ್ಮ ಅವಳ ನಡಿಗೆ ನೋಡಿ ಏನೂ ಕೇಳದೆ ಹಿಂದೆಯೇ ಬಂದಳು. ಏರಿನಲ್ಲಿ ನಸೀಮಾಳಿಗೆ ಕೊರೊನಾದ ನಂತರ ಉಸಿರು ಹಿಡಿಯುತ್ತದೆ. ಇವತ್ತು ನಿಲ್ಲಲಿಲ್ಲ. ಬಂಡೆಯ ಹತ್ತಿರ ಟಕ್ ಟಕ್ ಇರಲಿಲ್ಲ. ಗೋಣಿಚೀಲ ಕೆಳಗೆ ಬಿದ್ದಿತ್ತು. ಹತ್ತಿ ನೋಡಿದರೆ ಪೊಟರೆಯ ಬಾಯಿ ಅಗಲವಾಗಿ ತೆರೆದಿತ್ತು. ಒಳಗೆ ಕತ್ತಲು, ಒಂದಿಷ್ಟು ಬೀಜ, ಬೂದು ಗರಿಗಳು. ಹಕ್ಕಿ ಇರಲಿಲ್ಲ.

ನಸೀಮಾ ಬಂಡೆಯ ಮೇಲೆ ಕುಳಿತುಬಿಟ್ಟಳು.

ಹಾಲಮ್ಮ ಕೆಳಗೆ ಮರದ ಬುಡದಲ್ಲಿ ಬಗ್ಗಿ ಹುಡುಕುತ್ತಿದ್ದಳು. "ರಕ್ತ ಇಲ್ಲ. ಉಡ ತಿಂದಿದ್ರೆ ಹಿಂಗೆ ಚೊಕ್ಕ ಇರಲ್ಲ ಕಣೆ. ಇಲ್ಲಿ ನೋಡು ನಿನ್ನ ಮರಳು."

ಅವಳು ಎತ್ತಿ ಕೊಟ್ಟ ಹೆಂಟೆಯಲ್ಲಿ ಒಂದು ಕಡೆ ನಸೀಮಾಳ ಹೆಬ್ಬೆರಳ ಗುರುತಿತ್ತು. ಇನ್ನೊಂದು ಕಡೆ, ಒಳಗಿನ ಕಡೆ, ಸಾಲಾಗಿ ಕೊಕ್ಕಿನ ಗುರುತುಗಳು. ಒದ್ದೆ ಮರಳಿಗೆ ಆಳವಾಗಿ ಕುಟುಕಿ ಕುಟುಕಿ ಕೆಡವಿದ ಗುರುತು. ಒಳಗಿನಿಂದ ಒಡೆದ ಗೋಡೆ ಅದು.

ಅಷ್ಟರಲ್ಲಿ ಮುದುಕ ಕೆಮ್ಮಿದ. ದೊಣೆಯ ಆಚೆಗಿನ ಬಸುರಿಮರದಿಂದ. ಕೆಮ್ಮು ನಗೆಯಾಯಿತು, ಅದಕ್ಕೆ ಇನ್ನೊಂದು ದನಿ ಸೇರಿತು. ಇಬ್ಬರೂ ತಲೆಯೆತ್ತಿದರು. ಕಿತ್ತಳೆ ಕೊಕ್ಕಿನ ಗಂಡು ಮೇಲಿನ ಕೊಂಬೆಯಲ್ಲಿತ್ತು. ಕೆಳಗೆ ಹಳದಿ ಕೊಕ್ಕಿನ ಹೆಣ್ಣು, ಇಷ್ಟು ದಿನ ಇಕ್ಕಟ್ಟಿನಲ್ಲಿದ್ದು ಬಾಲದ ಗರಿ ಮುರುಟಿಕೊಂಡು, ರೆಕ್ಕೆಯನ್ನು ಒಂದೊಂದಾಗಿ ಬಿಡಿಸಿ ಮಡಚಿ ನೋಡುತ್ತಿತ್ತು. ಅದರ ಪಕ್ಕದಲ್ಲಿ ಮರಿ. ಕೊಂಬೆಯನ್ನು ಹೇಗೆ ಹಿಡಿಯಬೇಕೆಂದು ತಿಳಿಯದೆ ಮುಂದಕ್ಕೆ ವಾಲಿ, ಹಿಂದಕ್ಕೆ ವಾಲಿ, ಹೇಗೋ ನಿಂತಿತು. ಹಣ್ಣು ಮರದಲ್ಲೇ ಇತ್ತು. ಇನ್ನು ಹೊತ್ತು ತರಬೇಕಾಗಿರಲಿಲ್ಲ. ಗೋಣಿಮರಕ್ಕೆ ಬಾರದೇ ಇದ್ದದ್ದು ಅದಕ್ಕೇ.

ನಸೀಮಾ ಉಸಿರು ಬಿಟ್ಟಳು. ಬಂಡೆ ಹತ್ತಿದಾಗಿನಿಂದ ಹಿಡಿದಿದ್ದಳೋ, ಆ ಊಟದ ಹೊತ್ತಿನಿಂದಲೇ ಹಿಡಿದಿದ್ದಳೋ. ಎಳೆಬಿಸಿಲು ನಗಾರಿ ಬಂಡೆಯಿಂದ ಇಳಿದು ಹುಲ್ಲಿಗೆ ಬಂತು. ಎಲ್ಲೋ ಟಿಟ್ಟಿಭ ಹಾಲಮ್ಮನ ಆಡುಗಳನ್ನು ಬೈಯುತ್ತಿತ್ತು. ಕೆಳಗೆ ಭದ್ರಾವತಿಯ ಮನೆಗಳ ಮೇಲೆ ಹೊಗೆ ಏಳುತ್ತಿತ್ತು.

"ಅಳೋದಾದ್ರೆ ಬೇಗ ಅತ್ಬಿಡು, ನಿನ್ನ ಬಸ್ಸು ಹೋಗುತ್ತೆ" ಎಂದಳು ಹಾಲಮ್ಮ. ಅವಳೂ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದಳು.

"ನಾನೆಲ್ಲಿ ಅತ್ತೆ?"

"ಮುಂದಿನ ವರ್ಷ ಗೋಡೆ ಬಿದ್ರೆ ನನ್ನ ಕರೀಬೇಡ. ಬರೀ ಮಣ್ಣು ಮೆತ್ತಿ ಬಾ. ಇಲ್ಲ, ಆ ಉಡವನ್ನೇ ನಿಮ್ಮ ಫೌಂಡ್ರಿಗೆ ಸೇರಿಸಿಬಿಡು."

ನಸೀಮಾ ನಗುತ್ತ ಬಂಡೆಯಿಂದ ಇಳಿದಳು. ಹೆಬ್ಬೆರಳ ಗುರುತಿನ ಹೆಂಟೆಯನ್ನು ಒಂದು ಕ್ಷಣ ಕೈಯಲ್ಲಿ ಹಿಡಿದು, ಹಿಸುಕಿ ಪುಡಿ ಮಾಡಿ, ಬೇರಿನ ಮೇಲೆ ಉದುರಿಸಿದಳು. ಗೋಣಿಚೀಲ ಕೊಡವಿ ಹಾಲಮ್ಮನ ಹೆಗಲಿಗೆ ಹಾಕಿದಳು. ಕೆಳಗೆ ದೂರದಲ್ಲಿ ಬಸ್ಸಿನ ಹಾರ್ನ್ ಕೇಳಿತು. ಅವಳು ಸೀರೆಯ ನೆರಿಗೆ ಎತ್ತಿ ಹಿಡಿದು ಇಳಿಜಾರಿನಲ್ಲಿ ಬಿರಬಿರನೆ ನಡೆಯತೊಡಗಿದಳು, ಮಾತು ಮಾತ್ರ ನಿಲ್ಲಿಸದೆ, ಹಿಂದೆ ತಿರುಗಿಯೂ ನೋಡದೆ.

"ಯೋಗರಾಜ್ ಸಾರ್‌ಗೆ ಇವತ್ತು ಸ್ವೀಟ್ ಕೊಡಬೇಕು ಅಕ್ಕಾ, ಯಾಕೆ ಅಂತ ಕೇಳಿದ್ರೆ ಏನು ಹೇಳೋದೋ ಗೊತ್ತಿಲ್ಲ, ಮೊದಲು ಮನೇಲಿ ಇವರು ಚಪಾತಿ ಸುಟ್ಟಿರ್ತಾರೆ, ಅದನ್ನ ನೋಡಿ, ಆಮೇಲೆ ಆ ಮರಿ ಗೋಣಿಮರದ ಹತ್ರ ಬಂದ್ರೆ ನೀವು ನನ್ನ ಬದಲು ನೋಡಿಟ್ಟು ಸಂಜೆ ಹೇಳ್ಬೇಕು!"